ಕೊಂಬಿನವಳು

"ಗೊಡ್ಡು ಕಣೇ ಅದು, ಅಪ್ಪಟ ಗೊಡ್ಡು. ಕೊಂಬು ಮೂಡಿದ ಹೆಣ್ಣು ಮರಿ ಹಾಕಿದ್ದನ್ನ ನಮ್ಮಪ್ಪನೂ ಕಂಡೋನಲ್ಲ, ಅವರಪ್ಪನೂ ಕಂಡೋನಲ್ಲ." ಕಾಸ್ಪರ್ ಬಿಸಿನೀರಿನ ಬೋಗುಣಿಯಿಂದ ಬಿಳಿ ಸಾಸೇಜೊಂದನ್ನು ಎತ್ತಿ, ಸಿಪ್ಪೆ ಸುಲಿದು, ಸಿಹಿ ಸಾಸಿವೆಯಲ್ಲಿ ಅದ್ದಿದ. "ಇರೋ ಹುಲ್ಲು ತಿನ್ನೋದು, ಇರೋ ಚಿಗುರು ಕಡಿಯೋದು. ಕೊಡೋದು ಮಾತ್ರ ಏನೂ ಇಲ್ಲ. ಅಂಥದ್ದನ್ನೇ ಮೊದ್ಲು ತೆಗೀಬೇಕು."

ಭಾನುವಾರದ ಪೂಜೆ ಮುಗಿದು ಅರ್ಧ ಗಂಟೆಯೂ ಆಗಿರಲಿಲ್ಲ. ಇಗರ್ಜಿಯ ಎದುರಿನ ಹೋಟೆಲಿನಲ್ಲಿ ಒಲೆಯ ಪಕ್ಕದ ಮೇಜು ಬೇಟೆಗಾರರದು. ಬೇರೆ ಯಾರಾದರೂ ಕೂತರೆ ಹೋಟೆಲಿನವಳೇ ಎಬ್ಬಿಸುತ್ತಾಳೆ. ಊರಿನ ಬೇಟೆಯ ಹಕ್ಕನ್ನು ಗುತ್ತಿಗೆ ಹಿಡಿದ ರೀಡಲ್ ಡಾಕ್ಟರು ಮ್ಯೂನಿಕ್ಕಿನಲ್ಲಿ ಹಲ್ಲು ಕೀಳುವವರು, ವಾರಕ್ಕೆರಡು ದಿನ ಹಸಿರು ಕೋಟು ತೊಟ್ಟು ಇಲ್ಲಿ ಪ್ರತ್ಯಕ್ಷರಾಗುವವರು. ಅವರ ಪಕ್ಕದಲ್ಲಿ ಎಪ್ಪತ್ನಾಲ್ಕರ ಕಾಸ್ಪರ್. ಎದುರಿಗೆ ಮರ ಕೊಯ್ಯುವ ಮಿಲ್ಲಿನ ಬೆನ್ನೊ. ಕಿಟಕಿಯ ಬದಿಗೆ ಕಾಸ್ಪರನ ತಮ್ಮನ ಮಗಳು ಅಫ್ರಾ. ನಲವತ್ತೊಂದು ವರ್ಷದ ಅಫ್ರಾ ಈ ಮೇಜಿಗೆ ಕೂತ ಮೊದಲ ಹೆಂಗಸು. ಅಪ್ಪ ಸತ್ತಾಗ ಅವಳಿಗೆ ಹದಿನಾರು. ಅಂದಿನಿಂದ ಕಾಡಿಗೆ ಕರೆದುಕೊಂಡು ಹೋಗಿ, ಗಾಳಿ ನೋಡುವುದು, ಹೆಜ್ಜೆ ನೋಡುವುದು, ಕೋವಿ ಹಿಡಿಯುವುದು ಎಲ್ಲವನ್ನೂ ಕಲಿಸಿದವನು ಈ ದೊಡ್ಡಪ್ಪನೇ.

ಮೂರು ವಾರದಿಂದ ಮೇಜಿನ ಮೇಲೆ ಇದೊಂದೇ ಮಾತು. ಹೆಣ್ಣು ಜಿಂಕೆಯೊಂದು ತಲೆಯ ಮೇಲೆ ಎರಡು ಕೊಂಬು ಹೊತ್ತು ಓಡಾಡುತ್ತಿತ್ತು. ಗಂಡಿನ ಹಾಗೆ ಉಜ್ಜಿ ಹೊಳಪು ಮಾಡಿದ ಕೊಂಬಲ್ಲ. ಗೇಣುದ್ದದ ಎರಡು ಕಡ್ಡಿ, ಒಂದು ಸೊಟ್ಟ, ಎರಡರ ಮೇಲೂ ಉದುರದ ಮೃದು ಚರ್ಮ. ಮೊದಲು ಕಂಡಾಗ ಬೆನ್ನೊ ಅದನ್ನು ಗಂಡೆಂದೇ ತಿಳಿದು ಕೋವಿ ಎತ್ತಿದ್ದನಂತೆ. ಅದು ಹಿಂಗಾಲು ಮಡಿಸಿ ಹೆಣ್ಣಿನ ಹಾಗೆ ಕುಳಿತು ಉಚ್ಚೆ ಹೊಯ್ದಾಗ ಕೈ ಇಳಿಸಿದನಂತೆ. ಸೆಪ್ಟೆಂಬರ್ ಒಂದರಿಂದ ಹೆಣ್ಣುಗಳನ್ನು ಹೊಡೆಯಬಹುದು. ಜನವರಿಯೊಳಗೆ ಹನ್ನೆರಡು ಹೊಡೆಯಲೇಬೇಕೆಂದು ಜಿಲ್ಲಾ ಕಚೇರಿಯ ಕಟ್ಟಪ್ಪಣೆ. ಆ ಹನ್ನೆರಡರಲ್ಲಿ ಇದೂ ಒಂದಾಗಬೇಕೋ ಬೇಡವೋ ಎಂಬುದೇ ಪ್ರಶ್ನೆ.

"ಅಪರೂಪದ ವಸ್ತು," ಎಂದರು ಡಾಕ್ಟರು. "ವಸಂತದಲ್ಲಿ ಕೊಂಬುಗಳ ಪ್ರದರ್ಶನಕ್ಕೆ ಆ ತಲೆ ಇಟ್ಟರೆ ಇಡೀ ಜಿಲ್ಲೆ ಬಂದು ನೋಡುತ್ತೆ. ಆದರೆ ಅದು ಮೇಯೋದು ಅಫ್ರಾಳ ಅಟ್ಟಣೆ ಕೆಳಗೆ. ಹೊಡೀಬೇಕೋ ಬೇಡವೋ, ಅವಳೇ ಹೇಳಲಿ."

"ಬಿಟ್ಟುಬಿಡೋಣ," ಎಂದಳು ಅಫ್ರಾ. "ಬೇರೆ ಹನ್ನೆರಡು ಸಿಗಲ್ವಾ? ಈ ಬೇಸಿಗೆಯಿಂದ ನೋಡ್ತಿದ್ದೀನಿ. ಅದರ ಪಾಡಿಗೆ ಅದಿದೆ."

"ಪಾಡಿಗೆ ಅದಿದ್ಯಂತೆ!" ಬೆನ್ನೊ ಮೂರನೆಯ ಬೀರು ಮುಗಿಸಿ ಲೋಟವನ್ನು ಕುಟ್ಟಿ ಇಟ್ಟ. "ನಿನ್ನ ಗಂಡ ನೆಟ್ಟ ಫರ್ ಸಸಿಗಳ ತುದಿ ಕಡಿದೋರು ಯಾರು? ನನ್ನ ಅತ್ತೆನಾ? ತಾನೂ ಹೆರಲ್ಲ, ಬೆಳೆಯೋದನ್ನೂ ಬಿಡಲ್ಲ. ಆದ್ರೆ ನಮ್ಮ ಅಫ್ರಾಗೆ ಅದರ ಮೇಲೆ ಕೈ ಏಳಲ್ಲ ಬಿಡ್ರೋ. ತನ್ನ ಕುಲದವಳು, ಪಾಪ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬೆನ್ನೊಗೂ ಅದು ಬಾಯಿಂದ ಬಿದ್ದ ಮೇಲೆ ಗೊತ್ತಾಯಿತು. ಅವನ ಕತ್ತು ಕೆಂಪಾಯಿತು. ಡಾಕ್ಟರು ಕನ್ನಡಕ ಒರೆಸತೊಡಗಿದರು. ಅಫ್ರಾ ದೊಡ್ಡಪ್ಪನ ಮುಖ ನೋಡಿದಳು. ಈ ಮೇಜಿನಲ್ಲಿ ಅವಳ ಪರವಾಗಿ ಒಂದು ಮಾತು ಆಡಬೇಕಾದವನು ಅವನು. ಕಾಸ್ಪರ್ ಮೀಸೆಯಡಿಯಲ್ಲೇ ಸಣ್ಣಗೆ ನಕ್ಕು, "ಬೆನ್ನೊ, ಇನ್ನೊಂದು ಬೀರು ತರಿಸ್ಕೋ. ಬಾಯಿಗೆ ಕೆಲಸವಾದ್ರೂ ಸಿಗುತ್ತೆ," ಎಂದ. ಅಷ್ಟೇ ಅಂದದ್ದು.

ಬೆನ್ನೊ ಕುಡಿದವನು, ಹೋಗಲಿ. ಆದರೆ ದೊಡ್ಡಪ್ಪ ನಗುವುದೇ? ಅವಳು ಎದ್ದು ಟೋಪಿ ಹಾಕಿಕೊಂಡಳು. "ಈ ವಾರದೊಳಗೆ ಅದರ ತಲೆ ನಿಮ್ಮ ಮೇಜಿನ ಮೇಲಿರುತ್ತೆ. ಸಾಸಿವೆ ಹಚ್ಕೊಂಡು ತಿನ್ನಿ," ಎಂದವಳೇ ಹೊರಗೆ ನಡೆದಳು.

ಮನೆಯಲ್ಲಿ ಅಲ್ಬಾನ್ ಬಟಾಟೆ ಸುಲಿಯುತ್ತಾ ಕೂತಿದ್ದ. ಮದುವೆಯಾಗಿ ಹದಿನೇಳು ವರ್ಷವಾದ ಗಂಡ. ಹೆಂಡತಿ ಬಾಗಿಲು ಹಾಕುವ ಸದ್ದಿನಲ್ಲೇ ಅವನಿಗೆ ಅರ್ಧ ವಿಷಯ ತಿಳಿಯುತ್ತದೆ.

"ಯಾರು ಏನಂದ್ರು?"

"ಯಾರೂ ಏನೂ ಅನ್ನಲಿಲ್ಲ. ಆ ಕೊಂಬಿನವಳನ್ನ ಹೊಡೀತೀನಿ ಅಂತ ಹೇಳಿ ಬಂದೆ."

"ಹೊಡೆಯಲ್ಲ ಅಂತಿದ್ದೆಯಲ್ಲ."

"ನಿನ್ನ ಸಸಿ ತಿಂತಿದೆಯಂತೆ."

ಅಲ್ಬಾನ್ ಚಾಕು ಕೆಳಗಿಟ್ಟ. ತೊಗಟೆ ಹುಳ ಬಿದ್ದು ಅವನ ಅಜ್ಜನ ಕಾಲದ ಕಾಡೆಲ್ಲ ಒಣಗಿ ನಿಂತಾಗ, ಆ ಬೋಳು ಗುಡ್ಡದ ಮೇಲೆ ಮೂರು ಸಾವಿರ ಫರ್ ಸಸಿಗಳನ್ನು ಒಬ್ಬನೇ ನೆಟ್ಟವನು ಅವನು. ಒಂದೊಂದು ಸಸಿಯ ತುದಿಗೂ ಕುರಿಯ ಉಣ್ಣೆ ಸುತ್ತಿ ಕಾಯುತ್ತಿದ್ದವನು. "ಸಸಿ ಹೋದ್ರೆ ಮತ್ತೆ ನೆಡ್ತೀನಿ ಮಾರಾಯ್ತಿ. ನಂಗೋಸ್ಕರ ಅಂತ ಹೊಡೀಬೇಡ," ಎಂದ. ಅವಳು ಉಳಿದ ಬಟಾಟೆಗಳನ್ನು ತನ್ನ ಕಡೆಗೆ ಎಳೆದುಕೊಂಡಳು.

ಅವಳಿಗೆ ಮೂರು ಸಲ ಬಸಿರು ನಿಂತಿತ್ತು, ಮೂರು ಸಲವೂ ಹೋಗಿತ್ತು. ಮೂರನೆಯದು ಐದು ತಿಂಗಳು ಉಳಿದು, ಹೊಟ್ಟೆಯೊಳಗೆ ಮಿಸುಕಾಡುವುದನ್ನು ಕಲಿತು, ಆಮೇಲೆ ಹೋಗಿತ್ತು. ಊರಿನವರು ಒಳ್ಳೆಯವರೇ, ಮುಖದ ಮುಂದೆ ಯಾರೂ ಏನೂ ಆಡಿರಲಿಲ್ಲ. ಆಡದೆ ಇದ್ದ ಆ ಮಾತನ್ನು ಬೆನ್ನೊ ಹತ್ತು ವರ್ಷವಾದ ಮೇಲೆ ಜಿಂಕೆಯ ಹೆಸರಿನಲ್ಲಿ ಆಡಿದ.

ಆದರೆ ಬೆನ್ನೊನ ಮಾತಿಗಿಂತ ಆಳಕ್ಕೆ ಚುಚ್ಚಿದ್ದು ಬೇರೆಯೇ ಇತ್ತು. ಆಗಸ್ಟಿನ ಮೊದಲ ವಾರ, ಜಿಂಕೆಗಳು ಬೆದೆಗೆ ಬರುವ ಕಾಲ. ಆ ದಿನಗಳಲ್ಲಿ ಇಲ್ಲಿಯವರು ಬೀಚ್ ಮರದ ಎಲೆಯನ್ನು ಎರಡು ಹೆಬ್ಬೆರಳ ನಡುವೆ ಬಿಗಿಹಿಡಿದು ಊದುತ್ತಾರೆ. ಹೆಣ್ಣು ಕರೆದಂತೆ ಕೇಳಿ ಗಂಡು ಓಡಿ ಬರುತ್ತದೆ. ಅಂದು ಅಫ್ರಾಳ ಎಲೆ ಎಳಸಾಗಿತ್ತು. ಸದ್ದು ತೀರಾ ಸಣ್ಣಗೆ, ಕೀರಲಾಗಿ, ಕಷ್ಟದಲ್ಲಿರುವ ಮರಿ ತಾಯಿಯನ್ನು ಕೂಗಿದ ಹಾಗೆ ಬಂತು. ಅವಳು ನಾಲಿಗೆ ಕಚ್ಚಿಕೊಳ್ಳುವಷ್ಟರಲ್ಲಿ ಮೆಕ್ಕೆಜೋಳದ ಹೊಲದಿಂದ ದಂಟು ಮುರಿಯುತ್ತಾ ಆ ಕೊಂಬಿನವಳು ನುಗ್ಗಿ ಬಂತು. ಹತ್ತೇ ಮಾರು ದೂರದಲ್ಲಿ ನಿಂತು, ಕಿವಿ ಎರಡನ್ನೂ ಮುಂದಕ್ಕೆ ಚಾಚಿ, ಆ ಕಡೆ ಈ ಕಡೆ ತಲೆ ತಿರುಗಿಸಿ ಹುಡುಕಿತು. ಪಕ್ಕೆ ಏದುಸಿರಿಗೆ ಏರಿಳಿಯುತ್ತಿತ್ತು. ಆಮೇಲೆ ಜೋಳದೊಳಕ್ಕೇ ಹಿಂದಿರುಗಿತು.

ಅಂದು ಸಂಜೆ ಅವಳು ದೊಡ್ಡಪ್ಪನ ಮನೆಗೆ ಓಡಿದ್ದಳು. "ಮರಿ ಇದ್ದೀತಾ ದೊಡ್ಡಪ್ಪಾ? ಇಲ್ಲದಿದ್ರೆ ಹಂಗೆ ಯಾಕೆ ಓಡಿ ಬರುತ್ತೆ?"

ಕಾಸ್ಪರ್ ಪೈಪಿಗೆ ಹೊಗೆಸೊಪ್ಪು ತುಂಬುತ್ತಾ, ಯಾವ ಕಲ್ಮಶವೂ ಇಲ್ಲದೆ, "ಗೊಡ್ಡಿಗೇ ಕಣೇ ಮರಿ ಕೂಗು ಮೊದಲು ಕೇಳೋದು," ಅಂದಿದ್ದ. ಹೇಳಿದವನಿಗೆ ಅದು ನೆನಪಲ್ಲೂ ಉಳಿಯಲಿಲ್ಲ. ಕೇಳಿದವಳು ಮನೆಗೆ ಬಂದು, ತೊಳೆದ ಪಾತ್ರೆಗಳನ್ನೇ ಮತ್ತೊಮ್ಮೆ ತೊಳೆದಿದ್ದಳು.

ಮಂಗಳವಾರ ಸಂಜೆ ಆರು ಗಂಟೆಗೆ ಅಫ್ರಾ ಅಟ್ಟಣೆ ಹತ್ತಿದಳು. ಗಾಳಿ ಗುಡ್ಡದಿಂದ ಕೆಳಗೆ, ಅವಳ ಮುಖಕ್ಕೇ ಬೀಸುತ್ತಿತ್ತು. ಮುಂದೆ ಹುಲ್ಲುಗಾವಲು, ಎಡಕ್ಕೆ ಆಳೆತ್ತರದ ಮೆಕ್ಕೆಜೋಳ, ಬಲಕ್ಕೆ ಅಲ್ಬಾನನ ಸಸಿಗಳು. ಎರಡನೆಯ ಕೊಯ್ಲಿಗೆ ಬಂದ ಹುಲ್ಲು ಮೊಣಕಾಲಿಗೂ ಮೇಲೆ ನಿಂತಿತ್ತು. ಕೋವಿಯನ್ನು ಅಡ್ಡಗಳುವಿನ ಮೇಲಿಟ್ಟಳು. ಎರಡು ದಿನದಿಂದ ಒಳಗೆ ಕುದಿಯುತ್ತಿದ್ದ ಸಿಟ್ಟು ಇನ್ನೂ ಆರಿರಲಿಲ್ಲ. ತನ್ನ ಕುಲದವಳಂತೆ. ನೋಡಿಕೊಳ್ಳಲಿ, ಕೈ ಏಳುತ್ತದೋ ಇಲ್ಲವೋ.

ಏಳಕ್ಕೆ ಇನ್ನೂ ಐದು ನಿಮಿಷವಿದ್ದಾಗ ಅದು ಜೋಳದ ಅಂಚಿನಲ್ಲಿ ಕಾಣಿಸಿಕೊಂಡಿತು. ಮೊದಲು ಸೊಟ್ಟ ಕೊಂಬು, ಆಮೇಲೆ ಕಪ್ಪು ಮೂಗು, ಆಮೇಲೆ ಇಡೀ ಮೈ. ಒಂಟಿಯಾಗಿತ್ತು. ಹತ್ತು ಹೆಜ್ಜೆ ಹುಲ್ಲಿನೊಳಕ್ಕೆ ಬಂದು, ನಿಂತು, ಹಿಂದಿರುಗಿ ಜೋಳದತ್ತ ನೋಡಿತು. ಮತ್ತೆ ತಲೆ ತಗ್ಗಿಸಿ ಮೇಯತೊಡಗಿತು. ಹುಲ್ಲು ಅದರ ಹೊಟ್ಟೆಯನ್ನು ಮುಚ್ಚಿತ್ತು.

ದೊಡ್ಡಪ್ಪ ಕಲಿಸಿದ ಮೊದಲ ಪಾಠ ಅವಳಿಗೆ ನೆನಪಿರಲಿಲ್ಲವೆಂದಲ್ಲ. ಹೆಣ್ಣು ಒಂಟಿಯಾಗಿ ಬಂದರೆ ಅರ್ಧ ಗಂಟೆ ಕಾಯಬೇಕು. ಹಿಂದಿನಿಂದ ಏನು ಬರುತ್ತದೆ ನೋಡಬೇಕು. ಮರಿಯಿದ್ದರೆ ಮೊದಲು ಮರಿ, ಆಮೇಲೆ ತಾಯಿ. ಈ ಸಾಲು ಹಿಂದುಮುಂದಾದರೆ ಅವನು ಬೇಟೆಗಾರನಲ್ಲ, ಕಟುಕ. ಕಾನೂನಿಗೆ ಸಿಕ್ಕಿದರೆ ಕೋವಿಯೂ ಹೋಗುತ್ತದೆ. ಇಪ್ಪತ್ತೈದು ವರ್ಷದಲ್ಲಿ ಒಮ್ಮೆಯೂ ಅವಳು ಇದನ್ನು ತಪ್ಪಿರಲಿಲ್ಲ. ಅಂದು ಗಡಿಯಾರ ನೋಡಿಕೊಂಡಳು ಕೂಡ. ಐದು ನಿಮಿಷವಾಯಿತು. ಗೊಡ್ಡಿಗೆ ಎಂಥ ಮರಿ, ಎಂದು ಒಳಗೊಂದು ದನಿ ಹೇಳಿತು. ದೊಡ್ಡಪ್ಪನ ದನಿಯೇ. ನಾನು ಕಾಯುತ್ತಾ ಕೂತರೆ ಮತ್ತೆ ಕೈ ಏಳುವುದಿಲ್ಲ ಎಂದು ಇನ್ನೊಂದು ದನಿ ಹೇಳಿತು. ಅದು ಅವಳದೇ.

ಅವಳು ಬೆರಳು ಮಡಿಸಿದಳು. ಗುಂಡಿನ ಸದ್ದು ಗುಡ್ಡಕ್ಕೆ ತಾಗಿ ಹಿಂದಿರುಗುವ ಹೊತ್ತಿಗೆ ಹುಲ್ಲಿನ ಮೇಲೆ ಏನೂ ಇರಲಿಲ್ಲ.

ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ? ಇಳಿದು ಹತ್ತಿರ ಹೋಗುವಾಗಲೇ ಅವಳ ಸಿಟ್ಟು ಆರಿಹೋಗಿತ್ತು. ಅದು ಎಡ ಮಗ್ಗುಲಿಗೆ ಬಿದ್ದಿತ್ತು. ಕೊಂಬನ್ನು ಮುಟ್ಟಿದಳು, ಚರ್ಮದಡಿ ಇನ್ನೂ ಬಿಸಿಯಿತ್ತು. ಹಿಂಗಾಲು ಹಿಡಿದು ಬೆನ್ನ ಮೇಲೆ ಹೊರಳಿಸಿದಳು. ಕರುಳು ತೆಗೆಯಲು ಚಾಕು ಹಿರಿದು, ಹೊಟ್ಟೆಯ ಮೇಲೆ ಎಡಗೈ ಊರಿದಳು. ಕೈ ಒದ್ದೆಯಾಯಿತು.

ರಕ್ತವಲ್ಲ. ಬೆರಳ ಸಂದಿಯಲ್ಲಿ ಬೆಳ್ಳಗೆ ಇಳಿಯುತ್ತಿತ್ತು. ಅವಳು ಚಾಕು ಬಿಟ್ಟು ಎರಡೂ ಕೈಯಿಂದ ರೋಮ ಸರಿಸಿ ನೋಡಿದಳು. ತುಂಬಿದ ಕೆಚ್ಚಲು, ಉಂಡು ಉಂಡು ರೋಮ ಸವೆದ ಮೊಲೆಗಳು. ಮೂಗಿಗೆ ಹಾಲಿನ ವಾಸನೆ ಬಡಿಯಿತು. ಅಫ್ರಾ ಅಲ್ಲೇ ಹುಲ್ಲಿನಲ್ಲಿ ಕುಕ್ಕರಿಸಿದಳು. ಅಯ್ಯೋ ದೇವರೇ, ಎಂದಳು.

ಗುಂಡಿನ ಸದ್ದು ಕೇಳಿದ ಕಾಸ್ಪರ್ ಹಳೆಯ ಜೀಪಿನಲ್ಲಿ ಬಂದ. ಪದ್ಧತಿಯಂತೆ ದಾರಿಯಲ್ಲೇ ಸ್ಪ್ರೂಸ್ ಮರದ ಒಂದು ಹಸಿ ಕಡ್ಡಿ ಮುರಿದುಕೊಂಡು, ಹೊಡೆದವರ ಟೋಪಿಗೆ ಸಿಕ್ಕಿಸಿ ಕೈ ಕುಲುಕಲು ತನ್ನ ಟೋಪಿ ತೆಗೆದೇ ಬಂದ. "ಭಲೆ ಮಗಳೇ! ಒಂದೇ ಗುಂಡು ತಾನೇ? ಈಗ ಆ ಬೆನ್ನೊ ಬಾಯಿಗೆ..." ಎನ್ನುತ್ತಾ ಹತ್ತಿರ ಬಂದವನು ಅವಳ ಕೈ ನೋಡಿದ. ಬಗ್ಗಿ ಜಿಂಕೆಯ ಹೊಟ್ಟೆ ನೋಡಿದ. ತುಂಬಾ ಹೊತ್ತು ನೋಡಿದ.

"ನಾಲ್ಕರಲ್ಲಿ ಎರಡೇ ಉಂಡ ಹಾಗಿದೆ," ಎಂದ ಕೊನೆಗೆ. "ಮರಿ ಒಂದೇ ಇರಬೇಕು."

"ನಿಮ್ಮಪ್ಪ ಕಂಡಿಲ್ಲ, ಅವರಪ್ಪ ಕಂಡಿಲ್ಲ ಅಂದೆಯಲ್ಲ ದೊಡ್ಡಪ್ಪಾ. ಅವರು ಹೊಡೆದ ಕೊಂಬಿನ ಹೆಣ್ಣುಗಳಲ್ಲಿ ಒಂದಕ್ಕೂ ಹಾಲಿರಲಿಲ್ವಾ?"

ಕಾಸ್ಪರ್ ಕಡ್ಡಿಯನ್ನು ಕೈಯಲ್ಲಿ ತಿರುಗಿಸಿದ. "ಅವರು ಎಲ್ಲಿ ಹೊಡೆದಿದ್ರು? ನಮ್ಮ ಮನೆಯೋರು ಯಾರೂ ಹೊಡೆದಿಲ್ಲ ಕಣೇ. ಇದೇ ಮೊದಲನೇದು."

ಅವಳಿಗೆ ನಗು ಬಂತು. ನಗು ಬಾಯಿಗೆ ಬರುವಷ್ಟರಲ್ಲಿ ಅಳುವಾಗಿ, ಅವಳು ಮಂಡಿಯ ನಡುವೆ ತಲೆ ತೂರಿಸಿಕೊಂಡು ಬಿಕ್ಕಿದಳು. ಮುದುಕ ಪಕ್ಕದಲ್ಲಿ ನಿಂತೇ ಇದ್ದ, ಕೈ ಎಲ್ಲಿಡಬೇಕೆಂದು ತೋಚದೆ.

"ಆ ಡಾಕ್ಟರಿಗೆ ಹೇಳೋದು ಬೇಡ," ಎಂದ. "ಕೆಚ್ಚಲು ಕೊಯ್ದು ಬೇಲಿಗೆ ಎಸೀತೀನಿ, ಬೆಳಗಾಗೋದ್ರಲ್ಲಿ ನರಿ ತಿಂದಿರುತ್ತೆ. ತಪ್ಪು ನಂದು. ನಾನು ಹೇಳಿದ್ದಕ್ಕೆ ತಾನೇ ನೀನು..."

"ನನಗೆ ಗೊತ್ತಿತ್ತು ದೊಡ್ಡಪ್ಪಾ."

"ಏನು ಗೊತ್ತಿತ್ತು?"

"ಅದು ಓಡಿ ಬಂದದ್ದನ್ನ ನೋಡಿದೋಳು ನಾನು. ನೀನಲ್ಲ. ಗೊತ್ತಿದ್ದೂ ಐದೇ ನಿಮಿಷ ಕಾದೆ."

ಇಬ್ಬರೂ ಸೇರಿ ಕೆಲಸ ಮುಗಿಸಿ, ಜಿಂಕೆಯನ್ನು ಜೀಪಿಗೆ ಏರಿಸಿದರು. ಸ್ಪ್ರೂಸ್ ಕಡ್ಡಿಯನ್ನು ಅವನು ಅವಳ ಟೋಪಿಗೆ ಸಿಕ್ಕಿಸಲಿಲ್ಲ, ಕಿಸೆಗೆ ಹಾಕಿಕೊಂಡ. ಗಾಡಿ ಹೊರಡುವ ಮುಂಚೆ, ಅವಳ ಕಡೆ ನೋಡದೆ, "ನಾಲ್ಕು ತಿಂಗಳ ಮರಿ. ತಾಯಿಯಿಲ್ಲದೆ ಹಿಮ ಬೀಳೋತನಕ ಬದುಕಬಹುದು. ಹಿಮ ಬಿದ್ದ ಮೇಲೆ ಸೊರಗಿ ಸೊರಗಿ ಸಾಯುತ್ತೆ. ಹುಡುಕಿ ಮುಗಿಸ್ಬೇಕು ಮಗಳೇ. ಬೇಕಾದ್ರೆ ನಾನು ಕೂರ್ತೀನಿ," ಎಂದ.

"ಬೇಡ. ನಾನೇ ಕೂರ್ತೀನಿ."

ಹಸುಗಳನ್ನು ಮಾರಿದ ಮೇಲೆ ಅಲ್ಬಾನ್ ತನ್ನ ಹಾಲಿನ ಕೋಣೆಗೆ ಶೀತಯಂತ್ರ ಕೂರಿಸಿ ಬೇಟೆಯವರಿಗೆ ಬಿಟ್ಟುಕೊಟ್ಟಿದ್ದ. ಜಿಂಕೆಯನ್ನು ಅಲ್ಲಿ ಹಿಂಗಾಲಿನಿಂದ ತೂಗುಹಾಕಿದರು. ಸುದ್ದಿ ತಿಳಿದ ಡಾಕ್ಟರು ಮ್ಯೂನಿಕ್ಕಿನಿಂದ ಫೋನಿನಲ್ಲೇ ಕುಣಿದಾಡಿದರು. "ತಲೆ ಕಡೀಬೇಡಿ, ಶನಿವಾರ ನಾನು ಬಂದು ಇಡಿಯಾಗಿ ಫೋಟೋ ತೆಗೀಬೇಕು. ಆಮೇಲೆ ಕಟುಕ ಒಯ್ಯಲಿ." ಬೆನ್ನೊ ಬುಧವಾರ ಮಿಲ್ಲಿಗೆ ಹೋಗುವ ದಾರಿಯಲ್ಲಿ ಗೇಟಿನ ಹತ್ತಿರ ನಿಂತ. "ಅವತ್ತು ನಾನು ಆಡಿದ್ದು ಬೀರಿನ ಮಾತು ಅಫ್ರಾ, ಮನಸ್ಸಿಗೆ ಹಚ್ಕೋಬೇಡ. ಒಳ್ಳೇ ಗುಂಡು ಅಂತಲ್ಲ! ಗಂಡಸರಿಗೂ ಆಗದ ಕೆಲಸ," ಎಂದು ಕೈ ಕೊಟ್ಟ. ಅವಳೂ ಕೈ ಕೊಟ್ಟಳು. ಕೊಡದೆ ಏನು ಮಾಡುವುದು?

ಬುಧವಾರ ಬೆಳಿಗ್ಗೆ ಕೂತಳು, ಸಂಜೆ ಕೂತಳು. ಗುರುವಾರ ಬೆಳಿಗ್ಗೆ, ಸಂಜೆ. ಮರಿ ಹೊರಗೆ ಬರಲಿಲ್ಲ. ಆದರೆ ಎರಡೂ ದಿನ ಹೊತ್ತು ಮುಳುಗುವಾಗ ಜೋಳದೊಳಗಿಂದ ಅದು ಕೂಗಿತು. ಸಣ್ಣ ಪೀ... ಪೀ... ಅಷ್ಟೇ. ಸ್ವಲ್ಪ ಹೊತ್ತು ಸುಮ್ಮನಿದ್ದು, ಇನ್ನೊಂದು ಮೂಲೆಯಿಂದ ಮತ್ತೆ. ಅಫ್ರಾ ಕಿವಿ ಮುಚ್ಚಿಕೊಳ್ಳಲಿಲ್ಲ. ಕೇಳಿಸಿಕೊಳ್ಳಬೇಕಾದವಳು ತಾನೇ ಎಂದು ಕೇಳಿಸಿಕೊಂಡಳು. ಅವಳು ಹುಟ್ಟಿಸಿದ ಕೂಗು ಅದು. ಹೊಟ್ಟೆಯೊಳಗಿನ ಮೂರನ್ನೂ ಉಳಿಸಿಕೊಳ್ಳಲಾಗದವಳು ಹೊರಗಿನ ಒಂದನ್ನೂ ಉಳಿಸಲಿಲ್ಲ ಎಂಬ ಯೋಚನೆ ಬಂತು. ಬಂದದ್ದನ್ನು ಓಡಿಸಲು ಅವಳಲ್ಲಿ ತ್ರಾಣ ಇರಲಿಲ್ಲ.

"ಮನೆಗೆ ತಂದು ಸಾಕೋಕಾಗಲ್ವಾ?" ಎಂದು ಅಲ್ಬಾನ್ ಕೇಳಿದ, ಗುರುವಾರ ಊಟಕ್ಕೆ ಕೂತಾಗ. ತಟ್ಟೆಯ ಮೇಲಿಂದ ತಲೆ ಎತ್ತದೆ ಕೇಳಿದ. "ಬಾಟಲಿ ಹಾಲು ಕುಡಿಸಿ?"

"ನಾಲ್ಕು ತಿಂಗಳದ್ದು ಕಣೋ. ಮನುಷ್ಯರನ್ನ ಕಂಡ್ರೆ ಓಡುತ್ತೆ. ಹಿಡಿದ್ರೆ ಹೆದರಿಕೇಲೇ ಎದೆ ಒಡೆದು ಸಾಯುತ್ತೆ."

"ಹಂಗಾದ್ರೆ ಸರಿ."

"ಏನು ಸರಿ?"

"ಏನೂ ಇಲ್ಲ. ತಿನ್ನು."

ಶುಕ್ರವಾರ ಜೋಳ ಕೊಯ್ಯುವ ಯಂತ್ರ ಬಂತು. ಅಫ್ರಾ ಬೆಳಿಗ್ಗೆಯಿಂದ ಯಂತ್ರದ ಮುಂದೆ ಮುಂದೆ ಕೈ ತಟ್ಟುತ್ತಾ ಸಾಲುಗಳ ನಡುವೆ ನಡೆದಳು; ಅಲಗಿಗೆ ಮಾತ್ರ ಸಿಕ್ಕದಿರಲಿ. ಮಧ್ಯಾಹ್ನದ ಹೊತ್ತಿಗೆ ಹೊಲ ಬೋಳಾಯಿತು. ಮರಿ ಅವಳಿಗೆ ಕಾಣಿಸಲೇ ಇಲ್ಲ. ಯಾವ ಮಾಯದಲ್ಲೋ ಸಸಿಗಳ ಕಡೆಗೆ ಜಾರಿಕೊಂಡಿತ್ತು. ಸಂಜೆ ಐದಕ್ಕೇ ಅವಳು ಅಟ್ಟಣೆ ಹತ್ತಿ ಕೂತಳು.

ಆರೂಕಾಲಿಗೆ ಸಸಿಗಳ ನಡುವಿನಿಂದ ಒಂದು ಹೆಣ್ಣು ಜಿಂಕೆ ಎರಡು ಮರಿಗಳ ಜೊತೆ ಹುಲ್ಲಿಗೆ ಇಳಿಯಿತು. ಅವುಗಳ ಹಿಂದೆ, ಇಪ್ಪತ್ತು ಹೆಜ್ಜೆ ಬಿಟ್ಟು, ಇನ್ನೊಂದು ಮರಿ. ಬೆನ್ನಿನ ಎಲುಬು ಏಳತೊಡಗಿತ್ತು. ಅಫ್ರಾ ಮುಂದಕ್ಕೆ ಬಗ್ಗಿದಳು. ಸೇರಿಸಿಕೊಂಡರೆ? ಎಲ್ಲೋ ಒಮ್ಮೊಮ್ಮೆ ಸೇರಿಸಿಕೊಳ್ಳುವುದುಂಟಂತೆ. ಸೇರಿಸಿಕೊಂಡುಬಿಡು ತಾಯಿ, ನಿನಗೆ ಎರಡಿದ್ದ ಕಡೆ ಮೂರಾದರೆ ಏನು ಹೋಗುತ್ತದೆ, ಎಂದು ಅವಳು ಬಾಯಿಬಿಟ್ಟೇ ಪಿಸುಗುಟ್ಟಿದಳು.

ಮರಿ ಹತ್ತಿರ ಬಂತು. ಆ ಹೆಣ್ಣಿನ ಹಿಂಗಾಲ ಸಂದಿಗೆ ಮೂತಿ ತೂರಿಸಿತು. ಹೆಣ್ಣು ಸರ್ರನೆ ತಿರುಗಿ ಮುಂಗಾಲೆತ್ತಿ ಒದೆಯಿತು. ಮರಿ ಬಿತ್ತು, ಎದ್ದಿತು, ಮತ್ತೆ ಹೋಯಿತು. ಮತ್ತೆ ಒದೆ. ಮೂರನೆಯ ಸಲ ಆ ಹೆಣ್ಣು ಅದನ್ನು ಹುಲ್ಲಿನ ಅರ್ಧದವರೆಗೆ ಅಟ್ಟಿಸಿಕೊಂಡು ಹೋಗಿ ಓಡಿಸಿ, ತನ್ನೆರಡನ್ನು ಕರೆದುಕೊಂಡು ಕಾಡಿಗೆ ಹೊಕ್ಕಿತು. ಮರಿ ಒಂಟಿಯಾಗಿ ನಿಂತಿತು. ಆಮೇಲೆ, ಹುಡುಕುವುದೇನೂ ಉಳಿದಿಲ್ಲವೆಂಬಂತೆ ನಿಧಾನಕ್ಕೆ ನಡೆದು ಬಂದು, ಮಂಗಳವಾರ ತಾಯಿ ಬಿದ್ದ ಜಾಗದಲ್ಲೇ ನೆಲಕ್ಕೊರಗಿದ ಹುಲ್ಲನ್ನು ಮೂಸಿ, ಮುಂಗಾಲು ಮಡಿಸಿ ಮಲಗಿತು.

ಮಲಗಿದ್ದನ್ನು ಹೊಡೆಯಬಾರದು; ಅದೂ ದೊಡ್ಡಪ್ಪನ ಪಾಠವೇ. ಅಫ್ರಾ ಕಾದಳು. ಈ ಸಲ ಅರ್ಧ ಗಂಟೆಗೂ ಹೆಚ್ಚು ಕಾದಳು. ಕೋವಿಯ ದುರ್ಬೀನಿನಲ್ಲಿ ಅದರ ಕಿವಿ, ರೆಪ್ಪೆ, ಮೂಗಿನ ಮೇಲೆ ಕೂತ ನೊಣ, ಎಲ್ಲವೂ ಕಾಣುತ್ತಿತ್ತು. ಹಾಗೇ ಇಳಿದು ಮನೆಗೆ ಹೋಗಿಬಿಡಬಹುದಿತ್ತು. ಹೋದರೆ ಯಾರೂ ಕೇಳುವವರಿರಲಿಲ್ಲ. ಹಿಮ ಬೀಳುವ ತನಕ ದಿನಾ ಸಂಜೆ ಅದು ಇಲ್ಲಿಗೆ ಬಂದು ಮಲಗುತ್ತದೆ, ಅಷ್ಟೇ. ಬೆಳಕು ಕುಂದುತ್ತಾ ಬಂತು. ಹುಲ್ಲಿನ ಬಣ್ಣ ಹೋಗಿ ಮರಿಯ ಮೈ ಮಾತ್ರ ಕೆಂಪಗೆ ಉಳಿದಾಗ ಅದು ಎದ್ದು ನಿಂತು, ಮೈ ಕೊಡವಿ, ಒಮ್ಮೆ ಕೂಗಿತು.

ಅವಳು ಹೊಡೆದಳು.

ಹೆಣ್ಣು ಮರಿ. ಹತ್ತು ಕಿಲೋ ಕೂಡ ಇರಲಿಲ್ಲ. ಜೀಪು ಬೇಡವೆಂದು ಅಫ್ರಾ ಅದನ್ನು ಎರಡೂ ತೋಳಲ್ಲಿ ಹೊತ್ತುಕೊಂಡೇ ಮನೆಗೆ ಬಂದಳು. ಅಂಗಳದ ದೀಪ ಹತ್ತಿತ್ತು. ಅಲ್ಬಾನ್ ಅಡುಗೆಮನೆಯ ಕಿಟಕಿ ತೆರೆದು, "ಸಿಕ್ತಾ?" ಎಂದು ಕೇಳಿದ.

"ಸಿಕ್ತು."

"ಒಳ್ಳೇದಾಯ್ತು. ನರಳೋದು ತಪ್ಪಿತು ಪಾಪ." ಸ್ವಲ್ಪ ತಡೆದು, "ಬಾ, ಸಾರು ಬಿಸಿ ಇದೆ," ಎಂದ.

"ಬರ್ತೀನಿ. ನೀನು ಉಣ್ತಾ ಇರು."

ಹಾಲಿನ ಕೋಣೆಯ ಬಾಗಿಲು ತೆರೆದಾಗ ತಣ್ಣನೆ ಗಾಳಿ ಮುಖಕ್ಕೆ ಬಂತು. ಒಳಗೆ ಕಾಸ್ಪರ್ ಹಿಂದಿನ ದಿನ ಹೊಡೆದ ಎಳೆ ಗಂಡು ಜಿಂಕೆಯೊಂದು, ಅದರಾಚೆ ಕೊಂಬಿನವಳು. ಬಾಗಿಲ ಹತ್ತಿರದ ಕೊಕ್ಕೆ ಖಾಲಿಯಿತ್ತು. ಅಫ್ರಾ ಮರಿಯನ್ನು ನೆಲದ ಮೇಲೆ ಮಲಗಿಸಿ, ಗಂಡು ಜಿಂಕೆಯನ್ನು ಕೊಕ್ಕೆಯ ಸಮೇತ ಇಳಿಸಿ ಖಾಲಿ ಇದ್ದ ಕಡೆ ನೇತುಹಾಕಿದಳು. ತೆರವಾದ ಜಾಗದಲ್ಲಿ ಮರಿಯನ್ನು ಏರಿಸಿದಳು. ತಾಯಿಗೂ ಅದಕ್ಕೂ ನಡುವೆ ಒಂದು ಗೇಣು ಉಳಿಯಿತು. ತೂಗುಹಾಕಿದ ಮೈಗಳ ನಡುವೆ ಅಷ್ಟು ಅಂತರ ಇರಲೇಬೇಕು. ಒಂದಕ್ಕೊಂದು ತಾಗಿದಲ್ಲಿ ಗಾಳಿಯಾಡದೆ ಮಾಂಸ ಕೆಡುತ್ತದೆ. ಅವಳು ಮರಿಯ ಕೊಕ್ಕೆಯನ್ನು ಕಂಬಿಯ ಮೇಲೆ ತಳ್ಳಿದಳು. ಅದು ಕಿರ್ರೆಂದು ಜರುಗಿ, ತಾಯಿಯ ಹೊಟ್ಟೆಗೆ ಒರಗಿ ನಿಂತಿತು.

ದೀಪ ಆರಿಸಿ, ಬಾಗಿಲು ಹಾಕಿಕೊಂಡಳು.